ಪಕ್ಕದ ಬಾಗಿಲು

ಗೆರಾಲ್ಡ್‌ಟನ್ ಊರಿನ ಬೇಕರಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರು, ಒಬ್ಬ ಮುದುಕ, ಒಬ್ಬ ನಡುವಯಸ್ಸಿನವ.

“ಕುಡಿತ ಬಿಡೋರ ಸಭೆ ಚರ್ಚ್ ಹಾಲ್‌ನಲ್ಲಿ ಅಂದ್ರಲ್ಲ ನೆವ್, ಹೋದ ಮಂಗಳವಾರ ಹೋಗಿದ್ದೆ,” ಎಂದ ನಡುವಯಸ್ಸಿನವ.

“ನೀನು ಕಾಣ್ಲೇ ಇಲ್ವಲ್ಲೋ ಕ್ರೇಗ್?”

“ಎಲ್ರೂ ಸುತ್ತ ಕೂತಿದ್ರು. ಎದ್ದು ನಿಂತು, ‘ನಾನು ಕ್ರೇಗ್, ಕುಡುಕ’ ಅಂದೆ. ಒಬ್ಬಮ್ಮ ಟೀ ಕೊಟ್ರು. ಆಮೇಲೆ ಎಲ್ರೂ ಹಾಡೋಕೆ ಶುರು ಮಾಡಿದ್ರು.”

“ಅಯ್ಯೋ ಮಾರಾಯ, ಅದು ಚರ್ಚಿನ ಹಾಡುಗಾರರ ತಾಲೀಮು! ನಮ್ಮದು ಪಕ್ಕದ ಬಾಗಿಲು.”

“ಎರಡನೇ ಹಾಡಿಗೆ ಗೊತ್ತಾಯ್ತು. ಎದ್ದು ಬರೋಕೆ ನಾಚಿಕೆ, ನಾನೂ ಹಾಡಿದೆ.”

“ಊರಿಗೆಲ್ಲ ಗೊತ್ತಾಗಿರುತ್ತೆ ಬಿಡು.”

“ಆಗ್ಲಿ. ಇನ್ನು ಮುಚ್ಚಿಡೋಕೆ ಏನಿದೆ? ಅವತ್ತಿಂದ ಒಂದು ಹನಿ ಮುಟ್ಟಿಲ್ಲ.”

ಮುದುಕ ಮಾಂಸ ತುಂಬಿದ ಎರಡು ಬಿಸಿ ಪೈ ಕೊಂಡು ಒಂದನ್ನು ಅವನ ಕೈಗಿಟ್ಟ.

“ಇವತ್ತು ಸಭೆಗೆ ನನ್ನ ಜೊತೆಗೇ ಬಾ.”

“ಬರ್ತೀನಿ. ಭಾನುವಾರ ಮಾತ್ರ ಕರೀಬೇಡಿ,” ಎಂದ ಕ್ರೇಗ್, ಹೊರಗೆ ಹೆಜ್ಜೆ ಹಾಕುತ್ತ. “ಆ ಹಾಡೋರಲ್ಲಿ ದಪ್ಪ ದನಿ ನಂದೊಂದೇ.”