ಸಂತರ ಪಟ ಹೊರುವ ಹಕ್ಕು

ಲೆಬನಾನಿನ ನಮ್ಮ ಬೆಟ್ಟದೂರಿನ ಚರ್ಚಿನಲ್ಲಿ, ಪಾದ್ರಿಯ ಕೋಣೆಯ ಹೊರಗೆ, ಮನಸ್ಸಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಾ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಕ್ಲಾ ಮತ್ತು ನಜ್ಲಾ ಕೂತಿದ್ದರು. ಇಬ್ಬರ ತಾತಂದಿರು ಅಣ್ಣತಮ್ಮಂದಿರು. ಹಬ್ಬದ ದಿನ ಮೆರವಣಿಗೆಯಲ್ಲಿ ಸಂತರ ಪಟ ಹೊರುವ ಹಕ್ಕು ಹಿರಿಮಗನ ಮನೆತನದ್ದು. ಹೊರುತ್ತಿರುವುದು ತಕ್ಲಾಳ ಮಗ.

“ಜ್ಞಾನಸ್ನಾನದ ಪುಸ್ತಕ ತೆಗೆಸಿ ನೋಡಿದೆ, ತಕ್ಲಾ. ನಿಮ್ಮ ತಾತ ತನ್ನೂಸ್ ಹಿರಿಮಗ ಅಲ್ಲ ಕಣೇ.”

“ಅದರಲ್ಲಿ ಆ ಮನೆ ಮಕ್ಕಳ ಪೈಕಿ ಮೊದಲ ಹೆಸರೇ ತನ್ನೂಸ್. ನಾನೂ ನೋಡಿದ್ದೀನಿ.”

“ಆ ತನ್ನೂಸ್ ಕೂಸಾಗಿದ್ದಾಗಲೇ ತೀರಿಕೊಂಡ. ಸತ್ತವರ ಪುಸ್ತಕದಲ್ಲಿದೆ. ಆಗ ನಮ್ಮ ತಾತ ತೊಟ್ಟಿಲಲ್ಲಿದ್ರು. ಅವರ ಬೆನ್ನಿಗೆ ಹುಟ್ಟಿದ ಮಗುವಿಗೆ ಸತ್ತವನ ಹೆಸರನ್ನೇ ಇಟ್ಟರು. ಅವರೇ ನಿಮ್ಮ ತಾತ.”

“ನಿನ್ನ ಹೊಟ್ಟೆಕಿಚ್ಚಿಗೆ ಸತ್ತ ಕೂಸನ್ನೂ ಎಬ್ಬಿಸಿದೆಯಲ್ಲೇ!”

“ಹೌದು, ಉರಿಯುತ್ತೆ. ಪ್ರತಿ ವರ್ಷ ನಿನ್ನ ಮಗ ಪಟ ಹೊತ್ತು ನಮ್ಮ ಬಾಗಿಲ ಮುಂದೇ ಹೋಗ್ತಾನೆ. ನೀನು ಅಕ್ಕಿ ಎರಚುತ್ತಾ ನನ್ನ ಮುಖವನ್ನೇ ನೋಡ್ತೀಯ.”

“ನಿನಗಿರೋರೆಲ್ಲ ಹೆಣ್ಣುಮಕ್ಕಳು. ಹಕ್ಕು ಸಿಕ್ಕರೂ ಹೊರೋರು ಯಾರೇ?”

“ನಮ್ಮ ಮನೆಯಿಂದ ಯಾರೂ ಹೊರದಿದ್ದರೂ ಪರವಾಗಿಲ್ಲ. ನಿನ್ನ ಮಗ ಹೊರಬಾರದು, ಅಷ್ಟೇ.”

ಪಾದ್ರಿ ಬಾಗಿಲು ತೆರೆದರು. ಇಬ್ಬರೂ ಒಟ್ಟಿಗೇ ಎದ್ದು, ಒಬ್ಬರನ್ನೊಬ್ಬರು ಮುಂದೆ ಬಿಡದೆ, ಆ ಕಿರಿದಾದ ಬಾಗಿಲಲ್ಲಿ ಹೆಗಲು ತಿಕ್ಕಿಕೊಂಡೇ ಒಳಗೆ ಹೋದರು.