ಮೂರನೇ ದರ್ಜೆ ಒಡ್ಡು

ದೀಪ ಸಣ್ಣ ಮಾಡ್ರಿ… ಇದು ಕಟ್ಟುಕತೆ ಅಲ್ಲ. ನಮ್ಮ ದೊಡ್ಡವ್ವನ ಮಗ ಹುಲಿಯಪ್ಪಗೆ ಆಗಿದ್ದು. ತೊಂಬತ್ತೆಂಟರ ಮಳೆಗಾಲ.

ಅವತ್ತು ದಾವಣಗೆರೆಯಿಂದ ಕಡೇ ಬಸ್ಸಿಗೆ ಬಂದು ಆನಗೋಡಲ್ಲಿ ಇಳಿದ. ಅಲ್ಲಿಂದ ಅವನ ಹಟ್ಟಿಗೆ ಎರಡು ಮೈಲಿ ನಡಿಗೆ. ಹಳ್ಳದ ದಂಡೆಗೆ ಹನ್ನೊಂದೇ ಮನೆ. ಮೇಲ್ಗಡೆ ನೆರೆ ತಡೆಯೋ ಸಣ್ಣ ಒಡ್ಡು, ಅದಕ್ಕೆ ಇವನೇ ಕಾವಲು. ಒಡ್ಡು ತುಂಬಿ, ಅದರ ಏರಿ ಬಿರುಕು ಬಿಟ್ಟಿತ್ತು. ಕೆಳಗಿನ ಮೊದಲನೇ ಮನೆ ಅವನ ಅಕ್ಕ ಭೀಮವ್ವಂದು. ಅದಕ್ಕೇ ದಾವಣಗೆರೆ ಪಿ.ಜೆ. ಬಡಾವಣೆಗೆ ಹೋಗಿ, ಎಂಜಿನಿಯರ್ ಬಕ್ಕೇಶ್ ಸಾಹೇಬ್ರ ಮನೆ ಬಾಗಿಲಾಗ ಕೈ ಮುಗಿದು ನಿಂತಿದ್ದ.

ಸಾಹೇಬ್ರು ಏನಂದ್ರು ಗೊತ್ತೇನ್ರಿ? "ಅದು ಮೂರನೇ ದರ್ಜೆ ಒಡ್ಡು. ಕೆಳಗೆ ಜನವಸತಿ ಇಲ್ಲ ಅಂತ ಕಾಗದದಾಗ ಐತೆ. ಹೆಬ್ಬೆಟ್ಟು ನಿಂದೇ ಐತಲ್ಲೋ!"

ಎಂಥ ಮನುಷ್ಯ ನೋಡ್ರಿ! ಕೆಳಗೆ ಜನ ಇದ್ರೆ ಒಂದನೇ ದರ್ಜೆ, ವರ್ಷ ವರ್ಷ ದುರಸ್ತಿ ಆಗಲೇಬೇಕು. ಜನ ಇಲ್ದಿದ್ರೆ ಆ ತಾಪತ್ರಯನೇ ಇಲ್ಲ. ದರ್ಜೆ ಬರೆಯಾಕೆ ಸಾಹೇಬ್ರು ಬಂದಿದ್ದು ಸಂಕ್ರಾಂತಿ ದಿನ. ಅವತ್ತು ಹಟ್ಟಿಯೋರೆಲ್ಲ ಬೀಗ ಹಾಕ್ಕೊಂಡು ಹರಿಹರಕ್ಕೆ ಹೊಳೆ ಸ್ನಾನಕ್ಕೆ ಹೋಗ್ತಾರೆ. "ಅವತ್ತೇ ಬರ್ರಿ, ಗದ್ದಲ ಇರಲ್ಲ, ಅಳತೆ ಸಲೀಸು" ಅಂದೋನು ಇವನೇ, ಪೆದ್ದ! ಅಕ್ಷರ ಬರಲ್ಲ. ನಿನ್ನ ಕೆಲಸ ಕಾಯಂ ಮಾಡೋ ಕಾಗದ ಅಂದ್ರು, ಹೆಬ್ಬೆಟ್ಟು ಒತ್ತಿಬಿಟ್ಟ. ದೇವರಂಗೆ ನಂಬಿದ್ದ ರೀ ಆ ಸಾಹೇಬ್ರನ್ನ.

ಬಸ್ ಇಳಿದೋನು ಕತ್ತಲಾಗ ಹಟ್ಟಿ ಕಡೆ ನಡೀತಿದ್ದ. ಆಲದ ಮರದ ಹತ್ರ ಬಂದ. ಮಳೆ ನಿಂತಿತ್ತು. ಗಾಳಿನೂ ಇಲ್ಲ. ತೊಟ್… ತೊಟ್… ಎಲೆಯಿಂದಲ್ಲ. ಎದುರಿಗೆ ಜನ ಬರ್ತಿದ್ರು, ಸಾಲಾಗಿ. ಒದ್ದೆ ಸೀರೆ ಕಾಲಿಗೆ ಬಡಿಯೋ ಸದ್ದು, ಪಟ್… ಪಟ್… ಬಳೆ ಸದ್ದು ಮಾತ್ರ ಇಲ್ಲ. ಕೊನೇಲಿ ಭೀಮವ್ವ.

"ಅಕ್ಕಾ… ಇಷ್ಟೊತ್ತಿನಾಗ ಎಲ್ಲಿಗೆ?"

"ಹರಿಹರಕ್ಕೆ."

"ಈಗ ಯಾಕ?"

"ನಾವು ಇಲ್ಲ ಅಂತ ನೀನೇ ಬರೆಸೀಯಲ್ಲೋ ತಮ್ಮಾ…"

ಕಾಗದದಾಗ ಏನಿತ್ತು ಅಂತ ಅವನಿಗೇ ತಿಳಿದಿದ್ದು ಅವತ್ತು ಸಂಜೆ. ಅಕ್ಕಗೆ ಹೇಳ್ದೋರು ಯಾರು?

ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ಏನೋ. ಅಕ್ಕನ ಬಾಗಿಲು ಬಡಿದ… ಭೀಮವ್ವನೇ ತೆಗೆದ್ಳು. ಒಣ ಸೀರೆ, ನಿದ್ದೆಗಣ್ಣು. ಗೋಳೋ ಅಂತ ಅತ್ತು ಎಲ್ಲಾ ಬಾಯಿಬಿಟ್ಟ. ಅವಳು ಲಾಟೀನು ಹಿಡಿದು ಹೊರಬಿದ್ಳು. ಮನೆಮನೆ ಬಾಗಿಲು ಬಡಿದು ಎಲ್ಲರನ್ನೂ ದಿಬ್ಬ ಹತ್ತಿಸಿದ್ರು. ಆಮೇಲೆ… ಧಡಲ್! ಒಡ್ಡು ಹೋಯ್ತು. ಹನ್ನೊಂದೂ ಮನೆ ಹೋದ್ವು. ಪುಣ್ಯಕ್ಕೆ ಜೀವ ಒಂದೂ ಹೋಗಲಿಲ್ಲ.

ಪರಿಹಾರ ಕೇಳಾಕೆ ಹೋದ್ರೆ ಕಚೇರಿಯೋರು ಅದೇ ಕಾಗದ ತೋರಿಸಿದ್ರು. ಭೀಮವ್ವ ತಮ್ಮನ ಮುಖ ಒಂದ್ಸಲ ನೋಡಿದ್ಳು. ಅದೇ ಕಡೇ ಸಲ.

ಈಗ ಹರಿಹರದಾಗ ಮಗಳ ಮನೇಲಿ ಇದಾಳೆ. ಸಿಟ್ಟು ಇಳಿದಿಲ್ಲ ಅಂತ ತಿಳ್ಕೊಂಡಿದ್ವಿ. ಕಣ್ಣು ಚೆನ್ನಾಗೇ ಐತೆ, ಸೂಜಿಗೆ ದಾರ ತಾನೇ ಪೋಣಿಸ್ತಾಳೆ. ಮೊನ್ನೆ ಹುಲಿಯಪ್ಪನ್ನ ನಾನೇ ಕರ್ಕೊಂಡು ಹೋಗಿದ್ದೆ. ಅಂಗಳದಾಗ ಕಾಲು ಚಾಚಿ ಕೂತು "ಅಕ್ಕಾ… ಅಕ್ಕಾ…" ಅಂತಿದ್ದ. ಅವಳು ಒಣಗಿಸಾಕೆ ಜೋಳ ತಂದ್ಳು. ಅವನ ಕಾಲ ಮೇಲೇ ಸುರಿದು, ನೆಲ ಸವರಿದಂಗೆ ಕೈಯಾಡಿಸಿ ಹರವಿದ್ಳು. ಸುಳ್ಳಲ್ರಿ, ಮಾರು ದೂರದಾಗ ನಿಂತು ನೋಡೀನಿ.

ಆಮೇಲೆ ತಲೆ ಎತ್ತಿ, ನಗ್ತಾ ನನ್ನ ಕೇಳಿದ್ಳು, "ಒಬ್ಬನೇ ಬಂದ್ಯೇನಪ್ಪಾ?"