ಯುಡೋರಾ ಕ್ಲೆಗ್ ಹಾಜರಿ

"ಈ ಕುರ್ಚೀನ ಮತ್ತೆ ಒಳಗೆ ತಂದವರು ಯಾರಪ್ಪಾ?"

ಕೊರಿನ್ ಹಾಗೆ ಗೋಡೆಯನ್ನೇ ಕೇಳಿದಳು. ಬಾಗಿಲಲ್ಲಿ ಕೊಡೆ ಕೊಡವುತ್ತಿದ್ದ ಡ್ರುಸಿಲ್ಲಾಗೆ ಅದು ಕೇಳಿಸಿತು. ಅಜ್ಜಿಯ ಬಾಯಿಂದ ದಿನವೂ ಕೀರ್ತನೆ ಕೇಳುತ್ತಾ ಬೆಳೆದ ಆ ಹುಡುಗಿಗೆ ಮಾತಿಗಿಂತ ಕೇಳುವುದೇ ಅಭ್ಯಾಸ. ಆದರೂ ಕಾಲೇಜು ಹುಡುಗಿಯರ ಸಂಘದ ಕಾರ್ಯದರ್ಶಿ ಅವಳೇ. ಶನಿವಾರದ ಸಂಜೆ ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರು ಕೂಗಬೇಕು, ಕೂಗಿಸಿಕೊಂಡವಳು "ಇದ್ದೇನೆ, ಅಕ್ಕ" ಅನ್ನಬೇಕು. ಪುಸ್ತಕದ ಮೊದಲ ಹೆಸರು ಯುಡೋರಾ ಕ್ಲೆಗ್. ಅವಳು ಸತ್ತು ಐವತ್ತು ವರ್ಷವಾಗಿತ್ತು.

ಅಧ್ಯಕ್ಷೆ ಕೊರಿನ್ ಇವತ್ತು ಆ ಹೆಸರನ್ನು ಹೊಡೆದುಹಾಕಿಸಲು ನಿರ್ಧರಿಸಿದ್ದಳು. ಎದುರು ಸಂಘದವರು ಇವರನ್ನು 'ಹೆಣಕ್ಕೆ ಹಾಜರಿ ಕೂಗೋರು' ಎಂದು ಆಡಿಕೊಂಡು, ಹೊಸ ಹುಡುಗಿಯರನ್ನೆಲ್ಲ ತಮ್ಮ ಕಡೆ ಸೆಳೆದುಕೊಂಡಿದ್ದರು.

ಜಾರ್ಜಿಯಾದ ಕೆಂಪು ಮಣ್ಣು ಕೊಚ್ಚಿ ಹರಿಯುವಂಥ ಮಳೆ. ಸಂಗೀತದ ಕೋಣೆಯಲ್ಲಿ ಹುಡುಗಿಯರು ಸೇರುವ ಹೊತ್ತಿಗೆ ಮಿಸ್ ಪರ್ಮೀಲಿಯಾ ಕೋಲೂರಿಕೊಂಡು ಬಂದರು. ಸಂಘ ಕಟ್ಟಿದ ಆರು ಮಂದಿಯಲ್ಲಿ ಉಳಿದವರು ಅವರೊಬ್ಬರೇ.

"ಏನ್ರೇ, ಎಲ್ಲರೂ ಜಡೆ ಕತ್ತರಿಸಿಕೊಂಡಿದ್ದೀರಿ, ಇನ್ನು ಹೆಸರು ಕತ್ತರಿಸೋ ಆಸೆಯೋ?" ಎಂದು ನಗುತ್ತಾ ಕೂತರು. "ಕತ್ತರಿಸಿ. ಮೊದಲು ಕೇಳಿ… ಉತ್ತರದವರ ಜೊತೆ ಯುದ್ಧ ಮುಗಿದು ಏಳೆಂಟು ವರ್ಷ, ಮನೆಮನೇಲೂ ಬಡತನ, ಅಂಥಾದ್ರಲ್ಲಿ ಹೆಣ್ಣುಮಕ್ಕಳನ್ನ ಓದೋಕೆ ಕಳಿಸಿದ್ರು ಅಂದ್ರೆ ನೋಡಿ, ನಾವು ಹಗಲೆಲ್ಲ ಗ್ರೀಕ್ ಓದೋದು, ರಾತ್ರಿಯೆಲ್ಲ ದಿಂಬು ಕಚ್ಚಿ ಅಳೋದು… ಅಳೋ ಹುಡುಗಿ ಬಾಗಿಲು ತಟ್ಟೋಳು ಯಾರು? ಯುಡೋರಾ! ಪಾದ್ರಿ ಮಗಳು, ಮೈತುಂಬ ಮಚ್ಚೆ, ನಕ್ಕರೆ ಕಿಟಕಿ ಗಾಜು ನಡುಗಬೇಕು. ಇದೇ ಪಿಯಾನೋ ಹಿಂದೆ ನಮ್ಮನ್ನ ಕೂರಿಸಿ ಪ್ರತಿಜ್ಞೆ ಮಾಡಿಸಿದಳು: ನಮ್ಮಲ್ಲಿ ಯಾರೂ ಒಂಟಿಯಾಗಿ ನರಳಬಾರದು. ಅಷ್ಟೇ. ಪ್ರಿನ್ಸಿಪಾಲರು, 'ಹೆಂಗಸರ ಸಂಘ ನಾಲ್ಕು ವಾರ ಬಾಳೀತು' ಅಂದ್ರು. 'ಐದನೇ ವಾರ ಬನ್ನಿ ಸಾರ್, ಕೇಕು ಕೊಡ್ತೀವಿ' ಅಂದಳು. ಬಂದ್ರು, ತಿಂದ್ರು!"

ಹುಡುಗಿಯರು ನಕ್ಕರು. ಕೊರಿನ್ ನಗಲಿಲ್ಲ. ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು.

"ಆಮೇಲೆ ಜ್ವರ ಬಂತು. ಮೊದಲು ಬಿದ್ದೋಳು ನಾನು. ಉಳಿದೋರನ್ನೆಲ್ಲ ಊರಿಗೆ ರೈಲು ಹತ್ತಿಸಿದ್ರು. ಯುಡೋರಾನ್ನ ಕರಕೊಂಡು ಹೋಗೋಕೆ ಅವರಪ್ಪ ಗಾಡಿ ಕಟ್ಟಿಕೊಂಡು ಬಂದ್ರೆ ಇವಳು ಹತ್ತಲಿಲ್ಲ! ಹನ್ನೊಂದು ದಿನ ಕರ್ಪೂರದ ನೀರಲ್ಲಿ ಬಟ್ಟೆ ಅದ್ದಿ ನನ್ನ ಹಣೆ ಮೇಲೆ ಇಟ್ಟಳು. ಹನ್ನೆರಡನೇ ದಿನ ನನಗೆ ಜ್ವರ ಬಿಡ್ತು, ಅವಳು ಮಲಗಿದಳು… ಪಕ್ಕದ ಕೋಣೇಲೇ ಇದ್ದೆ ಕಣ್ರಮ್ಮಾ. ಎದ್ದು ಹೋಗೋಕೆ ನನ್ನ ಕಾಲಲ್ಲಿ ಜೀವ ಇರಲಿಲ್ಲ. ಮೂರು ರಾತ್ರಿ ಒಂಟಿಯಾಗಿ ನರಳಿ ಹೋದಳು. ಪ್ರತಿಜ್ಞೆ ಮಾಡಿಸಿದೋಳೇ!"

ಪರ್ಮೀಲಿಯಾ ಕೋಲನ್ನು ಮಡಿಲಿಗೆ ಎಳೆದುಕೊಂಡರು.

"ಜನವರೀಲಿ ಮತ್ತೆ ಸೇರಿದ್ವಿ. ಆಗ ಕಾರ್ಯದರ್ಶಿ ನಾನು. ಹೆಸರು ಹೊಡೆಯೋಕೆ ಮನಸ್ಸು ಬಾರದೆ ಪುಸ್ತಕ ಹಾಗೇ ಬಿಟ್ಟಿದ್ದೆ, ರೂಢಿ ನೋಡಿ, ಬಾಯಿ ಮೊದಲ ಹೆಸರನ್ನ ಕೂಗೇಬಿಡ್ತು… ಖಾಲಿ ಕುರ್ಚಿಯಿಂದ ಉತ್ತರ ಬಂತು. 'ಇದ್ದೇನೆ, ಅಕ್ಕ.' ಐದು ಜನಾನೂ ಕೇಳಿದ್ವಿ. ಕುರ್ಚಿ ಪಕ್ಕ ಕೂತಿದ್ದೋಳು ಲವೀನಿಯಾ. ಅದೇ ವಾರ ಅವಳಿಗೆ ಜ್ವರ. ಎದ್ದಮೇಲೆ ಹೇಳಿದಳು, ರಾತ್ರಿಯೆಲ್ಲ ಮಚ್ಚೆ ಮಚ್ಚೆ ಕೈಯೊಂದು ತನ್ನ ಹಣೆ ಒರೆಸ್ತಿತ್ತಂತೆ… ಅಲ್ಲಿಂದ ಹೀಗೇ. ಯಾರಿಗೆ ಕಾಯಿಲೆ ಬರೋದಿದೆಯೋ ಅವರ ಪಕ್ಕ ಮೊದಲೇ ಬಂದು ಕೂರ್ತಾಳೆ. ಎಲ್ಲರೂ ಎದ್ದರೇ ಅಂತ ಕೇಳಬೇಡಿ. ಆದರೆ ಒಬ್ಬಳೂ ಒಂಟಿಯಾಗಿ ಹೋಗಲಿಲ್ಲ. ಅಂಥಾ ಹುಡುಗಿ ಇನ್ನೊಬ್ಬಳು ಹುಟ್ಟಿಯಾಳೇ?"

ಮುದುಕಿ ಮೂಗರಳಿಸಿದರು.

"ಮೆಟ್ಟಿಲು ಹತ್ತುವಾಗ ಕರ್ಪೂರದ ವಾಸನೆ ಬಂತು ನನಗೆ… ಆ ಕುರ್ಚೀನ ಯಾರು ಹಾಕಿದ್ರಿ?"

"ನಾನೇ ಬೆಳಿಗ್ಗೆ ಉಗ್ರಾಣದಲ್ಲಿ ಇಟ್ಟು ಬೀಗ ಹಾಕಿದ್ದೆ," ಎಂದಳು ಕೊರಿನ್. ಕುರ್ಚಿ ಅವಳ ಕುರ್ಚಿಗೆ ಒತ್ತಿಕೊಂಡೇ ಇತ್ತು. ಸಾಲಿನಲ್ಲಿ ಅದೊಂದೇ ಖಾಲಿ.

ಅವಳು ತಟಕ್ಕನೆ ಎದ್ದು ಬಂದು ಡ್ರುಸಿಲ್ಲಾಳ ಅಂಗೈಗೆ ಲೇಖನಿ ತುರುಕಿದಳು. "ಹೊಡೆದುಹಾಕು ಮಾರಾಯ್ತಿ! ಈಗಲೇ! ಹೆಸರಿಲ್ಲದಿದ್ದರೆ ಅವಳು ಬರೋದಿಲ್ಲ. ನಿನ್ನ ದಮ್ಮಯ್ಯ, ಡ್ರುಸೀ!"

ಅವಳ ಬೆರಳುಗಳು ಒಲೆಯ ಮೇಲಿಂದ ತೆಗೆದಂತೆ ಸುಡುತ್ತಿದ್ದವು.

ಡ್ರುಸಿಲ್ಲಾ ಆ ಕೈಯನ್ನು ಬಿಡದೆ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಪುಸ್ತಕ ಮುಚ್ಚಿದಳು.

"ಇಲ್ಲ ಕೊರಿನ್. ಹೊಡೆಯೋದಿಲ್ಲ. ನೀನು ಒಂಟಿಯಾಗಿ ನರಳಬಾರದು."